ಸ್ತನ ಕ್ಯಾನ್ಸರ್: ಯಾವ ಚಿಕಿತ್ಸೆ, ಯಾವ ಊರಿನಲ್ಲಿ, ಯಾರ ಆರೈಕೆಯಲ್ಲಿ?

ಸ್ತನದಲ್ಲಿ ಗಂಟು ಕಂಡು, ಬಯಾಪ್ಸಿಯ ವರದಿ ಕೈಗೆ ಬಂದ ಮೇಲೆ ಓದುಗರು ಕೇಳುವ ಪ್ರಶ್ನೆಗಳು ಹೆಚ್ಚುಕಡಿಮೆ ಒಂದೇ ಬಗೆಯವು. ಸ್ತನವನ್ನು ಪೂರ್ತಿ ತೆಗೆಸಬೇಕೇ, ಗಂಟನ್ನಷ್ಟೇ ತೆಗೆಸಿದರೆ ಸಾಕೇ? ಕಿಮೊ ಮೊದಲೋ, ಆಪರೇಷನ್ ಮೊದಲೋ? ಬೆಂಗಳೂರಿಗೇ ಹೋಗಬೇಕೇ, ಹತ್ತಿರದ ಊರಿನಲ್ಲೇ ಆಗುತ್ತದೆಯೇ? ಮನೆಯಲ್ಲಿ ನೋಡಿಕೊಳ್ಳುವವರು ಯಾರು? ಈ ಕೊನೆಯ ಪ್ರಶ್ನೆಯನ್ನು ಹೆಚ್ಚಿನವರು ಆಪರೇಷನ್ನಿನ ದಿನ ಗೊತ್ತಾದ ಮೇಲೆ ಕೇಳುತ್ತಾರೆ. ಅದನ್ನು ಎಲ್ಲಕ್ಕಿಂತ ಮೊದಲು ಕೇಳಬೇಕೆಂಬುದು ನನ್ನ ಅಭಿಪ್ರಾಯ. ಆರಂಭದ ಹಂತದ ಸ್ತನ ಕ್ಯಾನ್ಸರಿನಲ್ಲಿ ವೈದ್ಯರು ಮುಂದಿಡುವ ಆಯ್ಕೆಗಳು ಆಯುಸ್ಸಿನ ಲೆಕ್ಕದಲ್ಲಿ ಬಹುಮಟ್ಟಿಗೆ ಸಮವಾಗಿರುತ್ತವೆ. ದೊಡ್ಡ ವ್ಯತ್ಯಾಸ ಬೀಳುವುದು ಹಿಡಿದ ಚಿಕಿತ್ಸೆಯನ್ನು ಕೊನೆಯವರೆಗೆ ಮುಗಿಸಿದವರಿಗೂ ನಡುವೆ ಕೈಬಿಟ್ಟವರಿಗೂ. ಹಾಗಾಗಿ ನಮ್ಮಿಂದ ಪೂರ್ತಿ ಮಾಡಲು ಆಗುವ ಚಿಕಿತ್ಸೆ ಯಾವುದು ಎಂಬುದನ್ನೇ ನಡುವಿನಲ್ಲಿಟ್ಟುಕೊಂಡು ಈ ಹೋಲಿಕೆ ಮಾಡಿದ್ದೇನೆ.

ಮೊದಲು ಅಳತೆಗೋಲುಗಳು

ರೋಗದ ಸ್ವರೂಪ ಮೊದಲನೆಯದು. ಗಂಟು ಎಷ್ಟು ದೊಡ್ಡದು, ಕಂಕುಳಿನ ದುಗ್ಧರಸ ಗ್ರಂಥಿಗಳಿಗೆ ಹರಡಿದೆಯೇ, ಗಂಟಿನ ಕೋಶಗಳಲ್ಲಿ ಹಾರ್ಮೋನ್ ಗ್ರಾಹಕಗಳು (ಈಆರ್, ಪಿಆರ್) ಮತ್ತು ಹರ್-2 ಎಂಬ ಪ್ರೋಟೀನ್ ಇವೆಯೇ ಎಂದು ನೋಡುವ ಮೂರು ಪರೀಕ್ಷೆಗಳು ಏನು ಹೇಳುತ್ತವೆ ಎಂಬುದು ತಿಳಿಯದೆ ಯಾವ ಆಯ್ಕೆಯನ್ನೂ ತೂಗಲು ಬಾರದು. ಇದಕ್ಕೆ ದಪ್ಪ ಸೂಜಿಯ ಬಯಾಪ್ಸಿ ಆಗಬೇಕು. ಸೂಜಿ ಚುಚ್ಚಿದರೆ ರೋಗ ಹರಡುತ್ತದೆ ಎಂಬ ಭಯ ನಮ್ಮಲ್ಲಿ ಬೇರೂರಿದೆ, ಅದಕ್ಕೆ ಆಧಾರವಿಲ್ಲ. ನಿಜವಾದ ತೊಂದರೆ ಬರುವುದು, ಬಯಾಪ್ಸಿ ಮಾಡಿಸದೆ ಊರಿನ ನರ್ಸಿಂಗ್ ಹೋಮಿನಲ್ಲಿ ‘ಸಣ್ಣ ಗಂಟು’ ಎಂದು ಕೊಯ್ದು ತೆಗೆಸಿ, ಆಮೇಲೆ ಪರೀಕ್ಷೆಗೆ ಕಳಿಸಿದಾಗ. ಕ್ಯಾನ್ಸರ್ ಎಂದು ತಿಳಿಯುವಷ್ಟರಲ್ಲಿ ಗಂಟಿನ ಅಂಚು ಎಲ್ಲಿತ್ತು ಎಂಬುದೇ ಗೊತ್ತಾಗದೆ, ಸ್ತನ ಉಳಿಸಿಕೊಳ್ಳುವ ಅವಕಾಶ ಕೆಲವೊಮ್ಮೆ ಅಲ್ಲಿಯೇ ಕೈತಪ್ಪುತ್ತದೆ.

ಎರಡನೆಯದು, ವಿಕಿರಣ ಚಿಕಿತ್ಸೆಯ ಯಂತ್ರ, ಅಂದರೆ ನಮ್ಮ ಜನ ಕರೆಂಟು ಕೊಡುವುದು ಎನ್ನುವ ಚಿಕಿತ್ಸೆಯ ಯಂತ್ರ, ಮನೆಯಿಂದ ಎಷ್ಟು ದೂರದಲ್ಲಿದೆ ಎಂಬುದು. ಮೂರನೆಯದು ಹಣ. ಆಸ್ಪತ್ರೆಯ ಬಿಲ್ಲನ್ನು ಸರ್ಕಾರದ ಯೋಜನೆ ಭರಿಸಿದರೂ ಜೊತೆಗಿರುವವರ ತಪ್ಪಿದ ಕೂಲಿ, ಊಟ, ವಸತಿ, ಓಡಾಟಗಳನ್ನು ಯಾವ ಯೋಜನೆಯೂ ಪೂರ್ತಿ ತುಂಬಿಕೊಡುವುದಿಲ್ಲ. ನಾಲ್ಕನೆಯದು ಮನೆಯಲ್ಲಿರುವ ಕೈಗಳು. ಐದನೆಯದು ಆಕೆಯ ಸ್ವಂತ ಇಷ್ಟ. ಗಂಡ, ಮಗ, ಭಾವ ಸೇರಿ ವೈದ್ಯರೊಡನೆ ಎಲ್ಲ ತೀರ್ಮಾನಿಸಿ, ‘ಅಮ್ಮನಿಗೆ ಹೇಳಬೇಡಿ, ಗಾಬರಿಯಾಗುತ್ತಾಳೆ’ ಎನ್ನುವ ಮನೆಗಳು ಇಂದಿಗೂ ಬಹಳ. ತನಗೇನಾಗಿದೆ ಎಂದು ತಿಳಿಯದವರು ತಿಂಗಳುಗಟ್ಟಲೆ ವಾಂತಿ, ಸುಸ್ತು, ಕೂದಲುದುರುವಿಕೆಗಳನ್ನು ಏಕೆ ಸಹಿಸಬೇಕು? ಎರಡನೆಯ ಕಿಮೊ ಆದ ಮೇಲೆ ‘ನನಗಿನ್ನು ಸೂಜಿ ಬೇಡ’ ಎಂದು ಊರಿಗೆ ಹೊರಟು ನಿಲ್ಲುವವರಲ್ಲಿ ಹೀಗೆ ಕತ್ತಲಲ್ಲಿಡಲ್ಪಟ್ಟವರು ಕಡಿಮೆಯಿಲ್ಲ.

ಗಂಟು ಮಾತ್ರವೋ, ಸ್ತನ ಪೂರ್ತಿಯೋ

ಈ ಪ್ರಶ್ನೆಗೆ ವೈದ್ಯಶಾಸ್ತ್ರ ಬಲು ಗಟ್ಟಿಯಾದ ಉತ್ತರ ಕೊಟ್ಟಿದೆ. ಅಮೆರಿಕದಲ್ಲಿ ಬರ್ನಾರ್ಡ್ ಫಿಶರ್ ಮತ್ತು ಇಟಲಿಯ ಮಿಲಾನಿನಲ್ಲಿ ಉಂಬರ್ಟೊ ವೆರೊನೇಸಿ ಅವರ ತಂಡಗಳು 1970ರ ದಶಕದಲ್ಲಿ ಶುರುಮಾಡಿದ ಪ್ರಯೋಗಗಳ ಇಪ್ಪತ್ತು ವರ್ಷಗಳ ಫಲಿತಾಂಶಗಳು 2002ರಲ್ಲಿ ಪ್ರಕಟವಾದವು. ಗಂಟನ್ನು ಮಾತ್ರ ತೆಗೆಸಿ ವಿಕಿರಣ ಪಡೆದವರೂ ಸ್ತನವನ್ನು ಪೂರ್ತಿ ತೆಗೆಸಿಕೊಂಡವರೂ ಬದುಕುಳಿದ ಪ್ರಮಾಣದಲ್ಲಿ ವ್ಯತ್ಯಾಸವಿರಲಿಲ್ಲ. ಆದರೆ ಫಿಶರ್ ತಂಡದ ಇನ್ನೊಂದು ಅಂಕಿಯನ್ನು ಇದರ ಜೊತೆಗೇ ಓದಬೇಕು: ಗಂಟನ್ನಷ್ಟೇ ತೆಗೆಸಿ ವಿಕಿರಣ ಪಡೆಯದವರಲ್ಲಿ ಶೇ. 39ರಷ್ಟು ಮಂದಿಗೆ ಅದೇ ಸ್ತನದಲ್ಲಿ ರೋಗ ಮರಳಿತ್ತು. ವಿಕಿರಣ ಪಡೆದವರಲ್ಲಿ ಅದು ಶೇ. 14. ಔಷಧಗಳು ಸುಧಾರಿಸಿರುವುದರಿಂದ ಇಂದು ಈ ಎರಡೂ ಪ್ರಮಾಣಗಳು ಇಳಿದಿವೆ, ಆದರೆ ಪಾಠ ಬದಲಾಗಿಲ್ಲ. ಸ್ತನ ಉಳಿಸುವ ಆಪರೇಷನ್ ಆರಿಸಿಕೊಂಡವರು ವಿಕಿರಣವನ್ನೂ ಆರಿಸಿಕೊಂಡಂತೆಯೇ. ಮೊದಲರ್ಧ ಮಾತ್ರ ಸಾಕು ಎನ್ನುವಂತಿಲ್ಲ.

ಇಲ್ಲಿಂದ ಆಯ್ಕೆ ಮನೆಯ ಪರಿಸ್ಥಿತಿಗೆ ಇಳಿಯುತ್ತದೆ. ಹುಬ್ಬಳ್ಳಿ, ಮೈಸೂರು, ಮಂಗಳೂರು, ಕಲಬುರಗಿ, ಬೆಂಗಳೂರುಗಳಂಥ ಊರುಗಳಲ್ಲಿ ಅಥವಾ ಅವುಗಳ ಸುತ್ತಮುತ್ತ ಇರುವವರು, ದಿನವೂ ಹೋಗಿಬರಲು ಒಬ್ಬರ ಜೊತೆ ಸಿಗುವವರು, ಗಂಟು ಸಣ್ಣದಿದ್ದರೆ ಸ್ತನ ಉಳಿಸಿಕೊಳ್ಳುವುದೇ ಒಳ್ಳೆಯದು. ಗಾಯ ಚಿಕ್ಕದು, ಚೇತರಿಕೆ ಬೇಗ, ಮುಂದೆ ಕನ್ನಡಿಯ ಮುಂದೆ ನಿಂತಾಗ ಆಗುವ ನೋವೂ ಕಡಿಮೆ. ಇದಕ್ಕೆ ತೆರಬೇಕಾದ ಬೆಲೆಯೂ ಇದೆ: ತೆಗೆದ ಭಾಗದ ಅಂಚಿನಲ್ಲಿ ಕ್ಯಾನ್ಸರ್ ಕೋಶಗಳು ಸಿಕ್ಕಿದರೆ ಎರಡನೆಯ ಆಪರೇಷನ್ ಬೇಕಾಗುತ್ತದೆ, ಮತ್ತು ವರ್ಷಕ್ಕೊಮ್ಮೆ ಮ್ಯಾಮೊಗ್ರಾಮ್ ತಪ್ಪಿಸುವಂತಿಲ್ಲ.

ವಿಕಿರಣ ಕೇಂದ್ರದಿಂದ ಬಹುದೂರ ಇರುವವರಿಗೆ, ವಾರಗಟ್ಟಲೆ ಪರಊರಿನಲ್ಲಿ ತಂಗಲು ಆಗದವರಿಗೆ, ಸ್ತನದ ಎರಡು ಮೂರು ಕಡೆ ಗಂಟುಗಳಿರುವವರಿಗೆ, ಹಿಂದೆ ಎದೆಗೆ ವಿಕಿರಣ ಪಡೆದವರಿಗೆ ಪೂರ್ತಿ ತೆಗೆಸುವುದು ಹೆಚ್ಚು ಸೂಕ್ತ. ಆದರೆ ಪೂರ್ತಿ ತೆಗೆಸಿದರೆ ಕರೆಂಟು ತಪ್ಪುತ್ತದೆ ಎಂದು ಮೊದಲೇ ಖಚಿತಪಡಿಸಿಕೊಳ್ಳಲು ಆಗದು. ಗಂಟು ಐದು ಸೆಂಟಿಮೀಟರಿಗಿಂತ ದೊಡ್ಡದಿದ್ದರೆ ಅಥವಾ ಕಂಕುಳಿನ ಗ್ರಂಥಿಗಳಲ್ಲಿ ರೋಗ ಕಂಡರೆ ಪೂರ್ತಿ ತೆಗೆಸಿದವರಿಗೂ ವಿಕಿರಣ ಬೇಕಾಗುವುದು ಸಾಮಾನ್ಯ. ಆಪರೇಷನ್ನಿಗೆ ಮೊದಲೇ ‘ನನ್ನ ವಿಷಯದಲ್ಲಿ ಆ ಸಂಭವ ಎಷ್ಟು?’ ಎಂದು ಕೇಳಿ ತಿಳಿದುಕೊಳ್ಳಬೇಕು. ಸಂಭವ ಹೆಚ್ಚಿದ್ದರೆ ದೂರದ ಕಾರಣಕ್ಕಾಗಿಯೇ ಸ್ತನ ತೆಗೆಸುವುದರಲ್ಲಿ ಅರ್ಥವಿಲ್ಲ.

ವಿಕಿರಣದ ಅವಧಿಯೂ ಈಗ ಮೊದಲಿನಷ್ಟು ಉದ್ದವಿಲ್ಲ. ಹಿಂದೆ ವಾರಕ್ಕೆ ಐದು ದಿನದಂತೆ ಐದು ವಾರ, 25 ಸಲ ಹೋಗಬೇಕಾಗಿತ್ತು. ಈಗ ಮೂರು ವಾರಗಳ 15 ಸಲದ ಕ್ರಮ ಬಹಳ ಕಡೆ ರೂಢಿಯಲ್ಲಿದೆ. ಒಂದೇ ವಾರದಲ್ಲಿ ಐದು ಸಲ ಕೊಟ್ಟು ಮುಗಿಸುವ ಕ್ರಮವೂ ರೋಗವನ್ನು ತಡೆಯುವುದರಲ್ಲಿ ಮೂರು ವಾರದ ಕ್ರಮಕ್ಕೆ ಕಡಿಮೆಯಿಲ್ಲ ಎಂದು ಬ್ರಿಟನ್ನಿನ ಪ್ರಯೋಗವೊಂದು 2020ರಲ್ಲಿ ತೋರಿಸಿತು. ಎಲ್ಲರಿಗೂ ಎಲ್ಲ ಆಸ್ಪತ್ರೆಗಳಲ್ಲೂ ಅದನ್ನು ಕೊಡುವುದಿಲ್ಲವಾದರೂ, ದೂರದಿಂದ ಬರುವವರು ಕೇಳಲೇಬೇಕಾದ ಪ್ರಶ್ನೆಯಿದು. ಐದು ವಾರ ಎಂದು ಹೆದರಿ ಸ್ತನ ತೆಗೆಸಲು ಹೊರಟವರ ಲೆಕ್ಕಾಚಾರ ಒಂದು ವಾರ ಎಂದಾಗ ಬೇರೆಯೇ ಆಗಬಹುದು.

ಕಂಕುಳಿನ ವಿಷಯವನ್ನು ಮನೆಯವರು ಕೇಳುವುದೇ ಇಲ್ಲ, ಆದರೆ ಮುಂದಿನ ಬದುಕಿನ ಮೇಲೆ ಅದರ ಪರಿಣಾಮ ದೊಡ್ಡದು. ಗ್ರಂಥಿಗಳನ್ನೆಲ್ಲ ತೆಗೆದವರಲ್ಲಿ ಸುಮಾರು ಐವರಲ್ಲಿ ಒಬ್ಬರಿಗೆ ಆ ಕೈ ಬಾತುಕೊಳ್ಳುತ್ತದೆ. ಮೊದಲು ರೋಗ ಇಳಿಯುವ ಒಂದೆರಡು ಗ್ರಂಥಿಗಳನ್ನಷ್ಟೇ ತೆಗೆದು ಪರೀಕ್ಷಿಸುವ ಸೆಂಟಿನೆಲ್ ವಿಧಾನದಲ್ಲಿ ಅದು ಸುಮಾರು ಇಪ್ಪತ್ತರಲ್ಲಿ ಒಬ್ಬರಿಗೆ. ಕಳೆ ಕೀಳುವ, ಬಟ್ಟೆ ಒಗೆಯುವ, ಹಾಲು ಕರೆಯುವ ಹೆಂಗಸಿಗೆ ಬಾತ ಕೈ ಎಂದರೆ ದುಡಿಮೆಯೇ ಹೋದಂತೆ. ಗ್ರಂಥಿಗಳಲ್ಲಿ ರೋಗವಿಲ್ಲವೆಂದು ಸ್ಕ್ಯಾನಿಂಗಿನಲ್ಲಿ ಕಂಡಿದ್ದರೆ, ಸೆಂಟಿನೆಲ್ ವಿಧಾನ ತಿಳಿದ ಶಸ್ತ್ರವೈದ್ಯರನ್ನು ಹುಡುಕಿ ಸ್ವಲ್ಪ ದೂರ ಹೋದರೂ ತಪ್ಪಿಲ್ಲ.

ಕಿಮೊ: ಮೊದಲೋ ಆಮೇಲೋ, ಯಾವ ನರದಲ್ಲಿ

ಮೊದಲು ಕೊಟ್ಟರೂ ಆಮೇಲೆ ಕೊಟ್ಟರೂ ಆಯುಸ್ಸಿನಲ್ಲಿ ವ್ಯತ್ಯಾಸವಿಲ್ಲ. ಗಂಟು ದೊಡ್ಡದಿದ್ದಾಗ ಅದನ್ನು ಕುಗ್ಗಿಸಿ ಸ್ತನ ಉಳಿಸಲು, ಹರ್-2 ಪಾಸಿಟಿವ್ ಅಥವಾ ಟ್ರಿಪಲ್ ನೆಗೆಟಿವ್ (ಮೂರೂ ಪರೀಕ್ಷೆಗಳು ನೆಗೆಟಿವ್ ಬಂದ) ಬಗೆಗಳಲ್ಲಿ ಔಷಧ ಎಷ್ಟು ಕೆಲಸ ಮಾಡುತ್ತಿದೆ ಎಂದು ನೋಡಲು ಮೊದಲು ಕೊಡುತ್ತಾರೆ. ಇದನ್ನು ವೈದ್ಯರ ತೀರ್ಮಾನಕ್ಕೆ ಬಿಡಬಹುದು.

ಮನೆಯವರು ಯೋಚಿಸಬೇಕಾದದ್ದು ನರದ ವಿಷಯ. ಸಾಮಾನ್ಯವಾಗಿ ಕೊಡುವ ಕೆಂಪು ಬಣ್ಣದ ಡಾಕ್ಸೊರುಬಿಸಿನ್ ಔಷಧ ನರದಿಂದ ಹೊರಗೆ ಸೋರಿದರೆ ಅಲ್ಲಿನ ಚರ್ಮವೂ ಮಾಂಸವೂ ಕೊಳೆಯುವಷ್ಟು ಉಗ್ರವಾದದ್ದು. ನಾಲ್ಕೇ ಡೋಸು, ಒಳ್ಳೆಯ ನರಗಳು, ನುರಿತ ನರ್ಸ್ ಇದ್ದರೆ ಪ್ರತಿ ಸಲ ಕೈಗೆ ಸೂಜಿ ಚುಚ್ಚಿಸಿಕೊಂಡೇ ಮುಗಿಸಬಹುದು, ಹೆಚ್ಚಿನ ಖರ್ಚಿಲ್ಲ. ಮುಂದೆ ಹನ್ನೆರಡು ವಾರ ಪ್ಯಾಕ್ಲಿಟ್ಯಾಕ್ಸೆಲ್ ಎಂಬ ಇನ್ನೊಂದು ಕಿಮೊ ಔಷಧ, ಆಮೇಲೆ ಹರ್-2 ಪಾಸಿಟಿವ್ ಆದವರಿಗೆ ಕೊಡುವ ವರ್ಷದ ಇಂಜೆಕ್ಷನ್ ಎಂದಿದ್ದರೆ ಮೊದಲೇ ಬೇರೆ ವ್ಯವಸ್ಥೆ ಬೇಕು. ತೋಳಿನ ನರದಿಂದ ಒಳಕ್ಕೆ ತೂರಿಸಿಡುವ ಪಿಕ್ ಲೈನ್ ಎಂಬ ನಳಿಕೆ ಅಗ್ಗ, ಆಪರೇಷನ್ ಬೇಡ. ಆದರೆ ವಾರಕ್ಕೊಮ್ಮೆ ಡ್ರೆಸ್ಸಿಂಗ್ ಬದಲಿಸಿ, ನಳಿಕೆಯನ್ನು ಫ್ಲಶ್ ಮಾಡಬೇಕು, ಅಂದರೆ ಒಳಗೆ ದ್ರವ ಹಾಯಿಸಿ ತೊಳೆಯಬೇಕು, ಸ್ನಾನದಲ್ಲಿ ನೀರು ತಾಗಬಾರದು, ಭಾರ ಎತ್ತಬಾರದು. ಔಷಧ ಕೊಡಲೆಂದು ಎದೆಯ ಚರ್ಮದಡಿ ಕೂರಿಸುವ ಕಿಮೊಪೋರ್ಟ್ ಎಂಬ ಸಣ್ಣ ಸಾಧನಕ್ಕೆ ಸಣ್ಣ ಆಪರೇಷನ್ನೂ ಹೆಚ್ಚು ಹಣವೂ ಬೇಕು, ಆದರೆ ಗಾಯ ಮಾಗಿದ ಮೇಲೆ ನಿಶ್ಚಿಂತೆಯಿಂದ ಸ್ನಾನ ಮಾಡಬಹುದು. ಬಳಕೆಯಿಲ್ಲದಿದ್ದಾಗ ನಾಲ್ಕರಿಂದ ಎಂಟು ವಾರಕ್ಕೊಮ್ಮೆ ಆಸ್ಪತ್ರೆಗೆ ಹೋಗಿ ಫ್ಲಶ್ ಮಾಡಿಸಿದರೆ ಸಾಕು. ವಾರವಾರ ಡ್ರೆಸ್ಸಿಂಗಿಗೆ ಬಸ್ಸು ಹತ್ತಬೇಕಾದ ಹಳ್ಳಿಯವರಿಗೆ, ದನಕರು ಇರುವ ಮನೆಯವರಿಗೆ ಪಿಕ್ ಲೈನಿಗಿಂತ ಪೋರ್ಟೇ ಲೇಸು.

ಆಮೇಲಿನ ಮಾತ್ರೆ, ಇಂಜೆಕ್ಷನ್

ಈಆರ್ ಪಾಸಿಟಿವ್ ಇರುವವರಿಗೆ ಐದು ವರ್ಷ ಅಥವಾ ಹೆಚ್ಚು ಕಾಲ ಹಾರ್ಮೋನ್ ಮಾತ್ರೆ ಬೇಕು. ಟ್ಯಾಮಾಕ್ಸಿಫೆನ್ ಇಡೀ ಚಿಕಿತ್ಸೆಯಲ್ಲಿ ಅತ್ಯಂತ ಅಗ್ಗದ್ದು, ಲಾಭದಲ್ಲಿ ಕಿಮೊಗೆ ಸರಿಸಾಟಿಯಾದದ್ದು, ಜನ ಅತ್ಯಂತ ಸುಲಭವಾಗಿ ನಿಲ್ಲಿಸಿಬಿಡುವುದೂ ಅದನ್ನೇ. ಮೈ ಬಿಸಿಯಾಗುವುದು, ಬಿಳಿ ಸೆರಗು, ಕೀಲುನೋವು ಎಂದಾಗ ಮಾತ್ರೆ ಬಿಡುವ ಬದಲು ವೈದ್ಯರಿಗೆ ಹೇಳಿದರೆ ಬೇರೆ ಮಾತ್ರೆಗೆ ಬದಲಿಸುವ ದಾರಿ ಇದೆ.

ಹರ್-2 ಪಾಸಿಟಿವ್ ಆದವರಿಗೆ ಟ್ರಾಸ್ಟುಜುಮ್ಯಾಬ್ ಇಂಜೆಕ್ಷನ್ ಮೂರು ವಾರಕ್ಕೊಮ್ಮೆ ಒಂದು ವರ್ಷ ಕೊಡುವುದು ಕ್ರಮ. ಬೆಂಗಳೂರಿನ ಬಯೋಕಾನ್ 2014ರಲ್ಲಿ ಇದರ ಬಯೋಸಿಮಿಲರ್ (ಮೂಲ ಔಷಧವನ್ನು ಹೋಲುವ) ಔಷಧವನ್ನು ಭಾರತದಲ್ಲಿ ಬಿಡುಗಡೆ ಮಾಡಿದ ಮೇಲೆ, ಬೇರೆ ಕಂಪನಿಗಳೂ ಬಂದ ಮೇಲೆ, ಬೆಲೆ ಬಹಳ ಇಳಿದಿದೆ. ಆದರೂ ಯೋಜನೆಯ ನೆರವಿಲ್ಲದ ಮನೆಗೆ ಅದು ಹೊರಲಾರದ ಭಾರವೇ. ಆರು ತಿಂಗಳ ಕೋರ್ಸು ಹನ್ನೆರಡು ತಿಂಗಳಿನದಕ್ಕೆ ಹೆಚ್ಚು ಹಿಂದೆ ಬೀಳುವುದಿಲ್ಲ ಎಂದು 2019ರಲ್ಲಿ ಪ್ರಕಟವಾದ ಬ್ರಿಟನ್ನಿನ ದೊಡ್ಡ ಅಧ್ಯಯನ ತೋರಿಸಿದೆ. ವರ್ಷದ್ದು ಆಗದು ಎಂದು ಒಂದನ್ನೂ ಕೊಡಿಸದೆ ಬಿಡುವ ಬದಲು ಆರು ತಿಂಗಳಿನದನ್ನು ವೈದ್ಯರೊಡನೆ ಚರ್ಚಿಸುವುದು ಮೇಲು. ಯಾವ ಅವಧಿಯಾದರೂ ಮೂರು ತಿಂಗಳಿಗೊಮ್ಮೆ ಹೃದಯದ ಎಕೊ ಆಗಲೇಬೇಕು.

ನಾಟಿ ವೈದ್ಯರ ಮರದ ಚಕ್ಕೆಯ ಕಷಾಯಕ್ಕೆ ಮಲೆನಾಡಿನ ದಾರಿ ಹಿಡಿಯುವವರೂ ಇದ್ದಾರೆ. ಆಸ್ಪತ್ರೆಯ ಚಿಕಿತ್ಸೆಯನ್ನು ಬಿಟ್ಟು ಪರ್ಯಾಯ ಚಿಕಿತ್ಸೆಯೊಂದನ್ನೇ ನಂಬಿದ ಸ್ತನ ಕ್ಯಾನ್ಸರ್ ರೋಗಿಗಳಲ್ಲಿ ಸಾವಿನ ಅಪಾಯ ಐದು ಪಟ್ಟಿಗಿಂತ ಹೆಚ್ಚಿತ್ತು ಎಂದು ಅಮೆರಿಕದಲ್ಲಿ 2018ರಲ್ಲಿ ಪ್ರಕಟವಾದ ಅಧ್ಯಯನ ಹೇಳುತ್ತದೆ. ಇದನ್ನು ಇತರ ಆಯ್ಕೆಗಳ ಸಾಲಿನಲ್ಲಿಟ್ಟು ತೂಗಲು ನಾನು ಸಿದ್ಧನಿಲ್ಲ. ಜೊತೆಜೊತೆಗೆ ಕುಡಿಯುತ್ತಿದ್ದರೆ ಮುಚ್ಚಿಡದೆ ವೈದ್ಯರಿಗೆ ಹೇಳಿ. ಲಿವರಿಗೆ ಪೆಟ್ಟು ಬಿದ್ದರೆ ಕಿಮೊ ನಿಲ್ಲಿಸಬೇಕಾಗುತ್ತದೆ.

ಯಾವ ಆಸ್ಪತ್ರೆ

ಬೆಂಗಳೂರಿನ ಹೊಸೂರು ರಸ್ತೆಯಲ್ಲಿ 1973ರಲ್ಲಿ ಶುರುವಾದ ಕಿದ್ವಾಯಿ ಸಂಸ್ಥೆಯಲ್ಲಿ ಆಪರೇಷನ್, ಕಿಮೊ, ವಿಕಿರಣ, ನೋವು ನಿವಾರಣೆ ಎಲ್ಲವೂ ಒಂದೇ ಆವರಣದಲ್ಲಿವೆ, ವೆಚ್ಚ ಕಡಿಮೆ, ವೈದ್ಯರ ಅನುಭವ ದೊಡ್ಡದು. ಅದಕ್ಕೆ ಪ್ರತಿಯಾಗಿ ಜನಸಂದಣಿಯನ್ನೂ ಸರದಿಯನ್ನೂ ಸಹಿಸಬೇಕು. ಕಲಬುರಗಿಯಲ್ಲಿ ಅದರದ್ದೇ ಕೇಂದ್ರವಿದೆ, ಹುಬ್ಬಳ್ಳಿಯ ನವನಗರದಲ್ಲಿ ಹಳೆಯ ಕ್ಯಾನ್ಸರ್ ಆಸ್ಪತ್ರೆಯಿದೆ. ಉತ್ತರ ಕರ್ನಾಟಕದ ಎಷ್ಟೋ ಮಂದಿ ಮಿರಜಿಗೋ ಮುಂಬೈಯ ಟಾಟಾ ಸ್ಮಾರಕ ಆಸ್ಪತ್ರೆಗೋ ಹೋಗುತ್ತಾರೆ. ಖಾಸಗಿ ಆಸ್ಪತ್ರೆಯಲ್ಲಿ ಕಾಯುವುದು ಕಡಿಮೆ, ಆದರೆ ಆಪರೇಷನ್ನಿಗೇ ಕೂಡಿಟ್ಟದ್ದೆಲ್ಲ ಮುಗಿದು ವಿಕಿರಣದ ಹೊತ್ತಿಗೆ ಕೈ ಬರಿದಾಗುವುದನ್ನು ಮೊದಲೇ ಊಹಿಸಿ, ಇಡೀ ಚಿಕಿತ್ಸೆಯ ಅಂದಾಜನ್ನು ಬರೆದು ಕೊಡಿ ಎಂದು ಕೇಳಬೇಕು. ನನ್ನ ಸಲಹೆ ಇಷ್ಟು: ಆಪರೇಷನ್ನನ್ನೂ ಚಿಕಿತ್ಸೆಯ ಯೋಜನೆಯನ್ನೂ ದೊಡ್ಡ ಕೇಂದ್ರದಲ್ಲಿ ಮಾಡಿಸಿ, ಅದೇ ಯೋಜನೆಯ ಪ್ರಕಾರ ಕಿಮೊವನ್ನು ಮನೆಗೆ ಹತ್ತಿರದ ಆಸ್ಪತ್ರೆಯಲ್ಲಿ ಪಡೆಯಲು ಆಗುತ್ತದೆಯೇ ಎಂದು ಕೇಳಿ. ಬಹಳ ಮಂದಿಗೆ ಇದು ಆಗುತ್ತದೆ, ಆದರೆ ಕೇಳದವರಿಗೆ ಯಾರೂ ಹೇಳುವುದಿಲ್ಲ.

ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿಯವರೆಗೆ, ಎಪಿಎಲ್ ಕುಟುಂಬಕ್ಕೆ ಪ್ಯಾಕೇಜ್ ದರದ ಶೇ. 30ರಂತೆ ವರ್ಷಕ್ಕೆ 1.5 ಲಕ್ಷದವರೆಗೆ ನೆರವಿದೆ. ಖಾಸಗಿ ಆಸ್ಪತ್ರೆಗೆ ಹಣ ಕಟ್ಟಿ ದಾಖಲಾಗುವ ಮೊದಲೇ ಈ ಯೋಜನೆಯ ಸಹಾಯಕ್ಕೆಂದು ಅಲ್ಲಿರುವ ಆರೋಗ್ಯಮಿತ್ರರನ್ನು ಕಂಡು, ಸರ್ಕಾರಿ ಆಸ್ಪತ್ರೆಯ ಶಿಫಾರಸು ಪತ್ರ ಬೇಕೇ ಎಂದು ವಿಚಾರಿಸಿ. 2023ರ ಜೂನ್‌ನಿಂದ ಶಕ್ತಿ ಯೋಜನೆಯಡಿ ಸಾಮಾನ್ಯ ಸಾರಿಗೆ ಬಸ್ಸುಗಳಲ್ಲಿ ರಾಜ್ಯದ ಮಹಿಳೆಯರಿಗೆ ಟಿಕೆಟ್ ಇಲ್ಲದಿರುವುದರಿಂದ, ಜೊತೆಗೆ ಮಗಳೋ ಅಕ್ಕನೋ ಬಂದರೆ ಇಬ್ಬರ ಬಸ್ ಖರ್ಚೂ ಉಳಿಯುತ್ತದೆ. ರೈಲಿನಲ್ಲಿಯೂ ಕ್ಯಾನ್ಸರ್ ರೋಗಿಗೆ ಮತ್ತು ಜೊತೆಗಿರುವ ಒಬ್ಬರಿಗೆ ರಿಯಾಯಿತಿ ಇದೆ. ನಿಗದಿತ ನಮೂನೆಯಲ್ಲಿ ಆಸ್ಪತ್ರೆಯಿಂದ ಪತ್ರ ಬರೆಸಿಕೊಳ್ಳಬೇಕು.

ಆರೈಕೆ: ಮನೆಯವರೋ, ಹೋಮ್ ನರ್ಸೋ, ಆಸ್ಪತ್ರೆಯೋ

ಆಪರೇಷನ್ ಆಗಿ ಮನೆಗೆ ಬಂದವರ ಆರೈಕೆಗೆ ತರಬೇತಿ ಪಡೆದ ನರ್ಸ್ ಬೇಕೇಬೇಕೆಂದಿಲ್ಲ. ಎಚ್ಚರವುಳ್ಳ ಒಬ್ಬರು ಸಾಕು. ಕಂಕುಳಿನ ಬಳಿಯಿಂದ ಹೊರಬಂದ ಡ್ರೇನ್ ನಳಿಕೆಯ ಡಬ್ಬಿಯನ್ನು ಪ್ರತಿದಿನ ಒಂದೇ ಹೊತ್ತಿಗೆ, ಸೋಪಿನಲ್ಲಿ ಕೈ ತೊಳೆದು, ಖಾಲಿ ಮಾಡಿ, ಎಷ್ಟು ಮಿಲಿಲೀಟರ್ ಬಂತು, ಬಣ್ಣ ಯಾವುದು ಎಂದು ಪುಸ್ತಕದಲ್ಲಿ ಬರೆಯಬೇಕು. ಮೊದಲ ದಿನಗಳಲ್ಲಿ ಕೆಂಪಾಗಿರುವ ದ್ರವ ಬರಬರುತ್ತಾ ಹುಲ್ಲಿನ ಬಣ್ಣಕ್ಕೆ ತಿರುಗುತ್ತದೆ. ದಿನಕ್ಕೆ ಸುಮಾರು 30 ಮಿಲಿಲೀಟರಿಗಿಂತ ಕಡಿಮೆಯಾದಾಗ ನಳಿಕೆ ತೆಗೆಯುತ್ತಾರೆ. ಡಬ್ಬಿ ನೆಲಕ್ಕೆ ಜೋತಾಡದಂತೆ ಬಟ್ಟೆಯ ಸಣ್ಣ ಚೀಲ ಹೊಲಿದು ಲಂಗದ ಲಾಡಿಗೆ ಕಟ್ಟಿದರೆ ಓಡಾಡಲು ಸುಲಭ. ವೈದ್ಯರು ಹೇಳಿದ ದಿನದಿಂದ ಗೋಡೆಯ ಮೇಲೆ ಬೆರಳುಗಳನ್ನು ಮೆಲ್ಲಮೆಲ್ಲನೆ ಮೇಲಕ್ಕೆ ನಡೆಸುವ ವ್ಯಾಯಾಮ ಮಾಡಿಸಬೇಕು, ಇಲ್ಲವಾದರೆ ಭುಜ ಬಿಗಿದು ತಲೆ ಬಾಚಲೂ ಆಗದು. ಆ ಬದಿಯ ಕೈಯಲ್ಲಿ ರಕ್ತ ತೆಗೆಯುವುದು, ಬಿಪಿ ನೋಡುವುದು ಬೇಡವೆಂದು ಹೋದಲ್ಲೆಲ್ಲ ತಾವಾಗಿಯೇ ಹೇಳಬೇಕು.

ಕಿಮೊ ಕಾಲದಲ್ಲಿ ನೋಡಿಕೊಳ್ಳುವವರಿಗೆ ಬೇಕಾದದ್ದು ಒಂದು ಥರ್ಮಾಮೀಟರ್. ಔಷಧ ಕೊಟ್ಟ ಏಳರಿಂದ ಹದಿನಾಲ್ಕನೆಯ ದಿನಗಳ ನಡುವೆ ಬಿಳಿ ರಕ್ತಕಣಗಳು ತೀರ ಇಳಿದಿರುತ್ತವೆ. ಆಗ 100.4 ಡಿಗ್ರಿ ಫ್ಯಾರನ್‌ಹೀಟ್ ಜ್ವರ ಬಂದರೆ ಪ್ಯಾರಾಸಿಟಮಾಲ್ ಕೊಟ್ಟು ಬೆಳಗಾಗಲಿ ಎಂದು ಕೂರುವಂತಿಲ್ಲ. ರಾತ್ರಿ ಎರಡು ಗಂಟೆಯಾದರೂ ಹೊರಡಬೇಕು. ಆಸ್ಪತ್ರೆ ತಲುಪಿದ ಒಂದು ತಾಸಿನೊಳಗೆ ಆ್ಯಂಟಿಬಯೋಟಿಕ್ ನರಕ್ಕೆ ಹೋಗಬೇಕು. ಆದ್ದರಿಂದ ಹಳ್ಳಿಯಲ್ಲಿರುವವರು ತಾಲ್ಲೂಕಿನ ಆಸ್ಪತ್ರೆಯಲ್ಲಿ ತೋರಿಸಲು ‘ಈಕೆ ಕಿಮೊ ಪಡೆಯುತ್ತಿದ್ದಾರೆ, ಜ್ವರ ಬಂದರೆ ಹೀಗೆ ಮಾಡಿ’ ಎಂಬ ಪತ್ರವನ್ನು ಕ್ಯಾನ್ಸರ್ ವೈದ್ಯರಿಂದ ಮೊದಲೇ ಬರೆಸಿಟ್ಟುಕೊಳ್ಳಬೇಕು. ತಾಲ್ಲೂಕು ಆಸ್ಪತ್ರೆಯೂ ಎರಡು ತಾಸಿನ ದಾರಿಯಾದರೆ, ಆ ಒಂದು ವಾರ ಪಟ್ಟಣದ ನೆಂಟರ ಮನೆಯಲ್ಲಿರುವುದು ಒಳಿತು. ಬಾಯಿ ಹುಣ್ಣಾದಾಗ ಉಪ್ಪು, ಅಡುಗೆ ಸೋಡಾ ಬೆರೆಸಿದ ನೀರಿನಲ್ಲಿ ದಿನಕ್ಕೆ ಐದಾರು ಸಲ ಮುಕ್ಕಳಿಸುವುದು, ಕಾರವಿಲ್ಲದ ಗಂಜಿ, ಮೊಸರನ್ನ, ಚೆನ್ನಾಗಿ ಬೆಂದ ಮೊಟ್ಟೆ, ಸಿಪ್ಪೆ ಸುಲಿಯುವ ಹಣ್ಣು. ಇಷ್ಟರಲ್ಲಿ ದಿನ ಸಾಗುತ್ತದೆ.

ಹೋಮ್ ನರ್ಸ್ ಇಡುವುದಾದರೆ ಬಂದವರು ಜಿಎನ್‌ಎಂ ಅಥವಾ ಬಿಎಸ್ಸಿ ನರ್ಸಿಂಗ್ ಓದಿದವರೋ, ಕೇವಲ ಆರೈಕೆಯ ಕೆಲಸದವರೋ ಎಂದು ಕೇಳಿ. ಸ್ನಾನ, ಊಟ, ಮಗ್ಗುಲು ಬದಲಿಸಲು ಎರಡನೆಯವರು ಸಾಕು. ಪಿಕ್ ಲೈನ್, ಇಂಜೆಕ್ಷನ್, ಗಾಯದ ಡ್ರೆಸ್ಸಿಂಗಿಗೆ ಮೊದಲನೆಯವರೇ ಆಗಬೇಕು. ತಿಂಗಳ ಸಂಬಳಕ್ಕೆ ಇಡೀ ದಿನ ಇಟ್ಟುಕೊಳ್ಳುವ ಬದಲು ಬೇಕಾದ ದಿನ ಬಂದು ಹೋಗುವ ನರ್ಸನ್ನು ಗೊತ್ತುಮಾಡಿಕೊಂಡರೆ ಬಹುತೇಕ ಮನೆಗಳಿಗೆ ಅಷ್ಟೇ ಸಾಕಾಗುತ್ತದೆ.

ರೋಗ ಮೂಳೆ, ಶ್ವಾಸಕೋಶ, ಲಿವರುಗಳಿಗೆ ಹರಡಿದ ಮೇಲೆ ಅಳತೆಗೋಲು ಬದಲಾಗುತ್ತದೆ. ಮಾತ್ರೆಯಲ್ಲೇ ವರ್ಷಗಟ್ಟಲೆ ಹಿಡಿತದಲ್ಲಿಡಬಹುದಾದ ರೋಗಿಗಳು ಇದ್ದಾರೆ. ಆದರೆ ಇನ್ನೊಂದು ಸುತ್ತಿನ ಕಿಮೊದಿಂದ ಸಿಗುವ ದಿನಗಳಿಗಿಂತ ಆಸ್ಪತ್ರೆಯಲ್ಲಿ ಕಳೆಯುವ ದಿನಗಳೇ ಹೆಚ್ಚಾಗುವ ಹಂತವೂ ಬರುತ್ತದೆ. ಆಗ ಐಸಿಯುವಿಗೆ ಹೋಗುವುದೇ, ನೋವು ನಿವಾರಣೆಯ ಉಪಶಮನ ಆರೈಕೆಗೆ ಹೋಗುವುದೇ ಎಂಬುದು ನಿಜವಾದ ಆಯ್ಕೆ. ಬೆಂಗಳೂರಿನ ಕರುಣಾಶ್ರಯ ಗುಣವಾಗದ ಹಂತ ತಲುಪಿದ ಕ್ಯಾನ್ಸರ್ ರೋಗಿಗಳನ್ನು 1999ರಿಂದ ತನ್ನ ಆವರಣದಲ್ಲಿ ಉಚಿತವಾಗಿ ನೋಡಿಕೊಳ್ಳುತ್ತಿದೆ, ನಗರದಲ್ಲಿ ಮನೆಗೇ ಬಂದು ಆರೈಕೆ ಮಾಡುವ ತಂಡವೂ ಅದಕ್ಕಿದೆ. ಮನೆಯಲ್ಲೇ ಇಟ್ಟುಕೊಳ್ಳುವವರು ಎರಡು ತಾಸಿಗೊಮ್ಮೆ ಮಗ್ಗುಲು ಬದಲಿಸುವುದನ್ನೂ, ಗಾಳಿ ಹಾಸಿಗೆಯನ್ನು ಬಾಡಿಗೆಗೆ ತರುವುದನ್ನೂ ಮರೆಯಬಾರದು. ಮಾದಕ ವಸ್ತು ಕಾಯ್ದೆಗೆ 2014ರಲ್ಲಿ ತಿದ್ದುಪಡಿಯಾದ ಮೇಲೆ ಮಾನ್ಯತೆ ಪಡೆದ ಆಸ್ಪತ್ರೆಗಳಲ್ಲಿ ತೀವ್ರ ನೋವು ತಗ್ಗಿಸುವ ಮಾರ್ಫಿನ್ ಮಾತ್ರೆ ಇಟ್ಟುಕೊಳ್ಳಲು ಇದ್ದ ಅಡ್ಡಿಗಳು ಕಡಿಮೆಯಾಗಿವೆ. ಚಿಕಿತ್ಸೆ ಪಡೆದ ಆಸ್ಪತ್ರೆಯ ನೋವು ನಿವಾರಣಾ ವಿಭಾಗಕ್ಕೆ ನೋವು ತಡೆಯಲಾರದಷ್ಟು ಹೆಚ್ಚಿದ ಮೇಲೆ ಹೋಗುವ ಬದಲು ಮೊದಲೇ ಹೋಗಿ ಹೆಸರು ಬರೆಸಿ. ಮಾತ್ರೆಯನ್ನು ನೋವು ಬಂದಾಗ ಮಾತ್ರ ಕೊಡದೆ ಹೇಳಿದ ಹೊತ್ತಿಗೆ ತಪ್ಪದೆ ಕೊಡಿ, ಮತ್ತು ಮಲಬದ್ಧತೆಗೆ ಬೇಕಾದ ಔಷಧವನ್ನು ಅದೇ ಚೀಟಿಯಲ್ಲಿ ಮೊದಲ ದಿನವೇ ಬರೆಸಿಕೊಳ್ಳಿ.